ಸಲಹೆಗೂ ಒಂದು ಇಸವಿ ಇರುತ್ತೆ

'ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಓಡುವ ರೈಲು 120 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು 20 ಸೆಕೆಂಡಿನಲ್ಲಿ ದಾಟುತ್ತದೆ. ಹಾಗಾದರೆ ರೈಲಿನ ಉದ್ದ ಎಷ್ಟು?'

ಈ ಲೆಕ್ಕ ಬಿಡಿಸುವಾಗ ನಾನು ರೈಲಿನಲ್ಲೇ ಕೂತಿದ್ದೆ. ಗುಬ್ಬಿ ದಾಟಿ ಸ್ವಲ್ಪ ದೂರಕ್ಕೆ ನಮ್ಮ ರೈಲು ನಿಂತುಬಿಟ್ಟಿತ್ತು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಕಡ್ಲೆಕಾಯಿ ಮಾರುವವನು ಎರಡು ಸಲ ಬಂದು ಹೋದ. ಎದುರು ಸೀಟಿನ ಅಜ್ಜ ಒಂದು ನಿದ್ದೆ ಮುಗಿಸಿ ಎದ್ದು, 'ಇನ್ನೂ ಇಲ್ಲೇನಾ?' ಅಂದ. ಲೆಕ್ಕದ ಉತ್ತರ ಬಂತು, 180 ಮೀಟರ್. ರೈಲು ಮಾತ್ರ ಹೊರಡಲಿಲ್ಲ. ಕೆಲಸದ ಪರೀಕ್ಷೆಗೆ ಓದುವ ಆಪ್ಟಿಟ್ಯೂಡ್ ಪುಸ್ತಕದ ರೈಲುಗಳು ಯಾವತ್ತೂ ಸಿಗ್ನಲ್‌ಗೆ ಕಾಯೋದಿಲ್ಲ. ಅವಕ್ಕೆ ಕ್ರಾಸಿಂಗ್ ಇಲ್ಲ, ಎಮ್ಮೆ ಅಡ್ಡ ಬರೋದಿಲ್ಲ. ಹೊರಟ ಮೇಲೆ ಅದೇ ವೇಗದಲ್ಲಿ ಓಡುತ್ತಲೇ ಇರುತ್ತವೆ.

ನಾನು ಎಂಜಿನಿಯರಿಂಗ್ ಎಂಟನೇ ಸೆಮ್. ಊರು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ, ಕಾಲೇಜು ತುಮಕೂರಿನಲ್ಲಿ. ಬ್ರಾಂಚ್ ಎಐ ಆಂಡ್ ಎಂಎಲ್, ಅಂದರೆ ಕೃತಕ ಬುದ್ಧಿಮತ್ತೆ ಮತ್ತು ಮಷೀನ್ ಲರ್ನಿಂಗ್. ಓದುತ್ತಿರುವವರನ್ನೇ ಕಂಪನಿಗಳು ಕೆಲಸಕ್ಕೆ ಆರಿಸಿಕೊಳ್ಳುತ್ತವಲ್ಲ, ಅಂಥ ಹನ್ನೊಂದು ಪ್ಲೇಸ್‌ಮೆಂಟ್ ಡ್ರೈವ್‌ಗೆ ಕೂತಿದ್ದೇನೆ. ನಾಲ್ಕರಲ್ಲಿ ಆಪ್ಟಿಟ್ಯೂಡ್ ದಾಟಿದೆ, ಎರಡರಲ್ಲಿ ಎಚ್‌ಆರ್ ಸಂದರ್ಶನದ ತನಕ ಹೋದೆ. ಕೆಲಸ ಸಿಕ್ಕಿಲ್ಲ. ಇದನ್ನ ಮೊದಲೇ ಹೇಳಿಬಿಡೋದು ಒಳ್ಳೆಯದು. 'ಹೀಗೆ ಕಷ್ಟಪಟ್ಟೆ, ಕೊನೆಗೆ ಗೆದ್ದೆ' ಅನ್ನೋ ಕಥೆ ಇರಬಹುದು ಅಂತ ಯಾರಾದರೂ ಕೊನೆ ತನಕ ಓದಿ ಬೇಜಾರು ಮಾಡಿಕೊಳ್ಳಬಾರದಲ್ವಾ.

ಹೋದ ತಿಂಗಳು ದೊಡ್ಡಪ್ಪನ ಮಗನ ಮದುವೆ ಆಯಿತು. ಛತ್ರದ ಬಾಗಿಲಲ್ಲಿ ಪನ್ನೀರು ಹಾಕಿಸಿಕೊಂಡು ಒಳಗೆ ಹೋಗಿ, ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು ಹೊರಗೆ ಬರುವಷ್ಟರಲ್ಲಿ 'ಮುಂದೇನು?' ಅಂತ ಎಷ್ಟು ಜನ ಕೇಳಿದರೋ ಲೆಕ್ಕ ತಪ್ಪಿತು. ಒಬ್ಬರಂತೂ ಎಲೆ ಮೇಲೆ ಹೋಳಿಗೆ ಹಾಕುತ್ತಾ ಕೇಳಿದರು. ತುಪ್ಪ ಬೇಕಾ ಅಂತ ಕೇಳಿದ ಹಾಗೆಯೇ.

ಆ ಪ್ರಶ್ನೆ ಯಾಕೆ ಇಷ್ಟು ಚುಚ್ಚುತ್ತದೆ ಅಂತ ಆಮೇಲೆ ಯೋಚನೆ ಮಾಡಿದೆ. ಹದಿನಾರು ವರ್ಷ ಮುಂದೇನು ಅನ್ನೋದನ್ನ ಯಾರೋ ಮೊದಲೇ ಅಚ್ಚು ಹಾಕಿಸಿ ಇಟ್ಟಿರುತ್ತಿದ್ದರು. ಏಳಾದ ಮೇಲೆ ಎಂಟು, ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ. 2020ರಲ್ಲಿ ಕೊರೋನಾ ಬಂದು ಇಡೀ ದೇಶ ನಿಂತಾಗಲೂ ನಮ್ಮ ಮುಂದಿನದು ನಿಲ್ಲಲಿಲ್ಲ. ಮಾರ್ಚಿನಲ್ಲಿ ಆಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು. ಮಾಸ್ಕ್ ಹಾಕಿಕೊಂಡು, ಬಾಗಿಲಲ್ಲಿ ಹಣೆಗೆ ಜ್ವರ ನೋಡುವ ಯಂತ್ರ ಹಿಡಿಸಿಕೊಂಡು ಬರೆದವರು ನಾವು. ಆಮೇಲೆ ಪಿಯು, ಆಮೇಲೆ ಸಿಇಟಿ, ಆಮೇಲೆ ಯಾವ ಕಾಲೇಜು, ಯಾವ ಬ್ರಾಂಚ್ ಬೇಕು ಅಂತ ತುಂಬುವ ಆಪ್ಷನ್ ಎಂಟ್ರಿ.

ಆಪ್ಷನ್ ಎಂಟ್ರಿಯಲ್ಲಾದರೂ ನಾನೇ ಆರಿಸಿದೆನಾ? ಇಲ್ಲ. ನನ್ನ ರ‍್ಯಾಂಕ್ ಮೂವತ್ತು ಸಾವಿರದ ಆಚೆ ಇತ್ತು. ತಿಪಟೂರಿನ ಸೈಬರ್ ಸೆಂಟರಿನಲ್ಲಿ ನಾನು ಕೂತಿದ್ದೆ, ಬೆಂಗಳೂರಿನಿಂದ ಮಾವ ಫೋನಿನಲ್ಲಿ ಹೇಳುತ್ತಿದ್ದರು. ಪಕ್ಕದಲ್ಲಿ ಅಕ್ಕ, ಅಂದರೆ ದೊಡ್ಡಪ್ಪನ ಮಗಳು, ಕಾಲೇಜಿನ ಕೋಡ್ ಓದಿ ಹೇಳುತ್ತಿದ್ದಳು. ಸೆಂಟರಿನ ಹುಡುಗ ಟೈಪ್ ಮಾಡುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಅಪ್ಪ ಹೊರಗೆ ಬೈಕಿನ ಮೇಲೆ ಕೂತಿದ್ದ.

ಈಗ ಮೊದಲನೇ ಸಲ ಮುಂದಿನ ಫಾರಂ ಯಾರೂ ಕೈಗೆ ಕೊಡುತ್ತಿಲ್ಲ. ಅದರ ಬದಲು ಎಲ್ಲರೂ ಸಲಹೆ ಕೊಡುತ್ತಿದ್ದಾರೆ.

ಅಜ್ಜಿಯದ್ದು ಮೊದಲಿನಿಂದಲೂ ಒಂದೇ ರಾಗ. 'ಟಿಸಿಎಚ್ ಮಾಡಿದ್ರೆ ಇಷ್ಟೊತ್ತಿಗೆ ಟೀಚರಾಗಿರ್ತಿದ್ದೆ ಕಣವ್ವ.' ಅಜ್ಜಿಯ ತಂಗಿಯ ಮಗಳು ಎಂಬತ್ತರ ದಶಕದಲ್ಲಿ ಟಿಸಿಎಚ್ ಮಾಡಿ, ವರ್ಷ ತುಂಬುವುದರೊಳಗೆ ಮೇಷ್ಟ್ರಮ್ಮ ಆದಳಂತೆ. ಟಿಸಿಎಚ್ ಅನ್ನುವ ಹೆಸರೇ ಈಗ ಇಲ್ಲ, ಅದು ಡಿಎಡ್ ಆಯಿತು, ಡಿಎಲ್ಎಡ್ ಆಯಿತು, ಅದನ್ನ ಮುಗಿಸಿದ ಮೇಲೆ ಟಿಇಟಿ ಬೇರೆ ಬರೆಯಬೇಕು ಅಂತ ಎಷ್ಟು ಹೇಳಿದರೂ ಅಜ್ಜಿ ಕೇಳೋದಿಲ್ಲ. ಅವಳ ಮಟ್ಟಿಗೆ ಆ ಬಾಗಿಲು ಇನ್ನೂ ತೆರೆದೇ ಇದೆ.

ಮಾವನ ಇಸವಿ 1999. ಅವರು ಓದಿದ್ದು ಬಿಎಸ್ಸಿ. ಆಗ ಕಂಪ್ಯೂಟರ್ ಜಗತ್ತಿಗೆ ವೈಟುಕೆ ಅನ್ನೋ ಗಾಬರಿ ಹಿಡಿದಿತ್ತು. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 99 ಮುಗಿದು 00 ಬಂದಾಗ ಕಂಪ್ಯೂಟರು ಅದನ್ನು 1900 ಅಂದುಕೊಂಡರೆ ಬ್ಯಾಂಕಿನ ಬಡ್ಡಿಯಿಂದ ಹಿಡಿದು ಎಲ್ಲ ಎಡವಟ್ಟು. ಲಕ್ಷಾಂತರ ಸಾಲು ಕೋಡನ್ನು ಕೂತು ಓದಿ ಸರಿಮಾಡೋಕೆ ಅಮೆರಿಕಕ್ಕೆ ಜನ ಬೇಕಿತ್ತು, ನಮ್ಮಲ್ಲಿ ಜನ ಇದ್ದರು. ಮಾವ ಆರು ತಿಂಗಳು ಕೋಬಾಲ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆ ಕಲಿತು ಒಳಗೆ ಹೋದರು. ಅದಕ್ಕೇ ಅವರ ಸಲಹೆ ಯಾವಾಗಲೂ 'ಒಂದು ಕೋರ್ಸ್ ಮಾಡ್ಕೋ ಪುಟ್ಟಿ, ಆರು ತಿಂಗಳು ಸಾಕು.' ಯಾವ ಕೋರ್ಸ್ ಅನ್ನೋದು ವರ್ಷ ವರ್ಷ ಬದಲಾಗುತ್ತದೆ. ಆರು ತಿಂಗಳು ಮಾತ್ರ ಬದಲಾಗಿಲ್ಲ.

ಅಕ್ಕನದ್ದು 2021. ಆ ವರ್ಷ ಐಟಿಯವರು ಸಿಕ್ಕ ಸಿಕ್ಕವರನ್ನೆಲ್ಲ ತೆಗೆದುಕೊಂಡರು. ಕೊರೋನಾದಲ್ಲಿ ಜಗತ್ತೆಲ್ಲ ಆನ್‌ಲೈನ್ ಆಗಿ ಕೆಲಸ ಜಾಸ್ತಿಯಾಗಿತ್ತು. ಇದ್ದವರು ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹಾರುತ್ತಿದ್ದರು. ಅಕ್ಕನ ಕೈಯಲ್ಲಿ ಮೂರು ಆಫರ್ ಲೆಟರ್ ಇದ್ದವು. ಲ್ಯಾಪ್‌ಟಾಪ್ ಕೊರಿಯರಿನಲ್ಲಿ ಊರಿಗೇ ಬಂತು. ಆಫೀಸಿನ ಬಾಗಿಲು ನೋಡುವ ಮೊದಲೇ ಒಂದು ವರ್ಷ ಸಂಬಳ ತೆಗೆದುಕೊಂಡಳು. 'ಸುಮ್ನೆ ಟೆನ್ಷನ್ ಮಾಡ್ಕೋಬೇಡ ಕಣೇ, ಇಂಟರ್‌ವ್ಯೂಲಿ ಕಾನ್ಫಿಡೆಂಟಾಗಿರು ಸಾಕು' ಅನ್ನುತ್ತಾಳೆ. ಅವಳಿಗೆ ಅದು ಸಾಕಾಗಿತ್ತು. ನಿಜ ಹೇಳಬೇಕೆಂದರೆ ಅವಳ ಈ ಮಾತಿನ ಮೇಲೆ ನನಗೆ ಸಿಟ್ಟೂ ಬರುತ್ತದೆ. ಕಾನ್ಫಿಡೆನ್ಸ್ ಇಲ್ಲದೆ ಕೆಲಸ ಸಿಗಲಿಲ್ಲವಾ, ಕೆಲಸ ಸಿಗದೆ ಕಾನ್ಫಿಡೆನ್ಸ್ ಹೋಯಿತಾ ಅಂತ ಹನ್ನೊಂದನೇ ಡ್ರೈವ್ ಆದಮೇಲೆ ಯಾರಿಗೆ ಗೊತ್ತಾಗುತ್ತದೆ?

ಇನ್ನು ನಮ್ಮ ಪಿಜಿಯಲ್ಲಿದ್ದ ಒಬ್ಬ ಸೀನಿಯರ್, ಅವರು 2023ರ ಬ್ಯಾಚ್. ಅಕ್ಕನಿಗಿಂತ ಎರಡೇ ವರ್ಷ ಆಮೇಲಿನವರು. ಅವರ ಮಾರ್ಕ್ಸ್ ಅಕ್ಕನಿಗಿಂತ ಚೆನ್ನಾಗಿತ್ತು. ಅವರಿಗೂ ಒಂದು ಕಡೆ ಆಫರ್ ಲೆಟರ್ ಬಂತು. ಸ್ವೀಟ್ ಹಂಚಿದರು, ಮನೆಯಲ್ಲಿ ಸತ್ಯನಾರಾಯಣ ಪೂಜೆಯೂ ಆಯಿತು. ಜಾಯ್ನಿಂಗ್ ಡೇಟ್ ಬರಲಿಲ್ಲ. ತಿಂಗಳಿಗೊಮ್ಮೆ ಮೇಲ್ ಹಾಕಿದರೆ 'ಶೀಘ್ರದಲ್ಲೇ ತಿಳಿಸುತ್ತೇವೆ' ಅಂತ ಉತ್ತರ. ಹದಿಮೂರು ತಿಂಗಳು ಹೀಗೇ ನಡೆಯಿತು. ಆ ಮಧ್ಯೆ ಯುವನಿಧಿ ಬಂತು. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಇಲ್ಲದವರಿಗೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ. ಅವರು ನಗುತ್ತಾ ಕೇಳಿದ್ದರು, 'ನಂಗೆ ಕೆಲಸ ಇದೆಯೋ ಇಲ್ವೋ? ಅರ್ಜಿಯಲ್ಲಿ ಏನಂತ ಬರೀಲಿ?' ಈಗ ಅವರು ಬೆಂಗಳೂರಿನ ವಿಜಯನಗರದಲ್ಲಿ ಒಂದು ಸ್ಟಡಿ ಲೈಬ್ರರಿಯಲ್ಲಿ ತಿಂಗಳ ಬಾಡಿಗೆಯ ಕುರ್ಚಿ ಹಿಡಿದು ಕೆಎಎಸ್‌ಗೆ ಓದುತ್ತಿದ್ದಾರೆ. ಅಲ್ಲಿ ಬೆಳಿಗ್ಗೆ ಆರಕ್ಕೇ ಕುರ್ಚಿಗಳು ತುಂಬುತ್ತವಂತೆ. ಹತ್ತಿರದ ಮೆಸ್ಸಿನಲ್ಲಿ ಊಟಕ್ಕೆ ನಿಂತ ಸಾಲಿನಲ್ಲೂ ಪ್ರಚಲಿತ ವಿದ್ಯಮಾನದ ಚರ್ಚೆ ನಡೆಯುತ್ತಿರುತ್ತದಂತೆ. ಅವರ ಸಲಹೆ: 'ಪ್ರೈವೇಟ್ ನಂಬಬೇಡ.' ಅದರ ಇಸವಿಯೂ ಗೊತ್ತಾಯಿತಲ್ಲ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರೂ ತಮ್ಮ ವರ್ಷ ಕಲಿಸಿದ್ದನ್ನೇ ಹೇಳುತ್ತಿದ್ದಾರೆ. ತೊಂದರೆ ಏನೆಂದರೆ ಔಷಧಿ ಬಾಟಲಿಯ ಮೇಲೆ ಇರುವ ಹಾಗೆ ಸಲಹೆಯ ಮೇಲೆ ತಾರೀಖು ಅಚ್ಚಾಗಿರೋದಿಲ್ಲ. ಕೇಳುವವರೇ ಕಂಡುಹಿಡಿದುಕೊಳ್ಳಬೇಕು.

ನಾನು ತೆಗೆದುಕೊಂಡ ಬ್ರಾಂಚೂ ಒಂದು ಸಲಹೆಯೇ. 2022ರಲ್ಲಿ ಎಲ್ಲ ಕಾಲೇಜಿನಲ್ಲೂ ಎಐ, ಡೇಟಾ ಸೈನ್ಸ್ ಅಂತ ಹೊಸ ಬ್ರಾಂಚುಗಳ ಬೋರ್ಡು. ಸಿವಿಲ್, ಮೆಕ್ಯಾನಿಕಲ್ ಲ್ಯಾಬುಗಳಲ್ಲಿ ಹುಡುಗರಿಲ್ಲ, ನಮ್ಮ ಕ್ಲಾಸಿನಲ್ಲಿ ಬೆಂಚಿಲ್ಲ. 'ಇನ್ನು ಇಪ್ಪತ್ತು ವರ್ಷ ಇದರದ್ದೇ ಕಾಲ' ಅಂದಿದ್ದಳು ಅಕ್ಕ. ಅದೇ ವರ್ಷ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ನಾವು ಆಗಿನ್ನೂ ಮೊದಲನೇ ಸೆಮ್. ಬಳಕೆ ಕನ್ನಡ, ಸಾಂಸ್ಕೃತಿಕ ಕನ್ನಡ ಅಂತ ಎರಡು ಗುಂಪು ಮಾಡಿ ಕನ್ನಡ ಪಾಠಕ್ಕೆ ಕೂರಿಸುತ್ತಿದ್ದ ದಿನಗಳು. ಸಿ ಲ್ಯಾಬಿನಲ್ಲಿ ಒಂದು ಲೂಪ್ ಬರೆಯೋಕೆ ನಾನು ಅರ್ಧ ಗಂಟೆ ಒದ್ದಾಡುತ್ತಿದ್ದೆ. ಆರನೇ ಸೆಮ್ಮಿಗೆ ಬರುವಷ್ಟರಲ್ಲಿ ಆ ಲೂಪನ್ನೂ ಅದರ ಸುತ್ತಲಿನ ಪೂರ್ತಿ ಪ್ರೋಗ್ರಾಮನ್ನೂ ಅದು ನಾನು ನೀರು ಕುಡಿದು ಬರುವುದರೊಳಗೆ ಬರೆಯತೊಡಗಿತು. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸವನ್ನೆಲ್ಲ ಇದೇ ಮಾಡಿಬಿಡುತ್ತದೆ ಅಂತ ಈಗ ಎಲ್ಲರ ಮಾತು. ಮದುವೆ ಮನೆಯಲ್ಲಿ ಒಬ್ಬರು ನನ್ನ ಬ್ರಾಂಚ್ ಕೇಳಿ, 'ಅದೇ ಅಲ್ವೇನಮ್ಮ ಎಲ್ರ ಕೆಲಸ ತೆಗೀತಿರೋದು?' ಅಂದರು. ನನ್ನದನ್ನೂ ಸೇರಿಸಿ ಅಂತ ಹೇಳಬೇಕು ಅನ್ನಿಸಿತು. ಹಲ್ಲು ಬಿಟ್ಟು ಸುಮ್ಮನಾದೆ.

ಪದವಿ ಮುಗಿಸುವ ವರ್ಷಕ್ಕೂ ಮುಂದಿನ ಬದುಕಿಗೂ ಇರುವ ನಂಟಿನ ಬಗ್ಗೆ ಅಮೆರಿಕ, ಕೆನಡಾದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಕೆಲಸ ಕಡಿಮೆ ಇರುವ ವರ್ಷದಲ್ಲಿ ಕಾಲೇಜು ಮುಗಿಸಿದವರ ಸಂಬಳ ಉಳಿದವರಿಗಿಂತ ವರ್ಷಗಟ್ಟಲೆ ಹಿಂದೆ ಬಿದ್ದಿರುತ್ತದಂತೆ. ಇದನ್ನ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದಾಗ ಮಾತ್ರ ಏನೋ ಹಗುರ ಆಗಿತ್ತು. ಎಲ್ಲವೂ ನನ್ನ ಇಂಗ್ಲಿಷಿನ ತಪ್ಪಲ್ಲ, ನನ್ನ ಶೂ ಪಾಲಿಶಿನ ತಪ್ಪಲ್ಲ.

ಇದು ಅಪ್ಪನಿಗೆ ಯಾವತ್ತೋ ಗೊತ್ತಿತ್ತು. ನಮ್ಮದು ಕೊಬ್ಬರಿ ಸೀಮೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಕಾಯಿ ಕೆಡವಿ ಹಾಗೇ ಮಾರೋದಕ್ಕಿಂತ ಅಟ್ಟಕ್ಕೆ ಹಾಕೋದು ಹೆಚ್ಚು. ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ತಿಂಗಳು, ವರ್ಷ ಬಿದ್ದಿರುತ್ತವೆ. ಒಳಗಿನ ನೀರು ತಾನಾಗೇ ಇಂಗಬೇಕು, ತಿರುಳು ಒಣಗಿ ಚಿಪ್ಪಿನಿಂದ ಬಿಡಬೇಕು. ಆಮೇಲೆ ಸುಲಿದು, ಒಡೆದು, ಗುಂಡಗಿನ ಗಿಟುಕನ್ನು ಹಾಗೇ ಇಡಿಯಾಗಿ ತೆಗೆಯಬೇಕು. ಅದೇ ಉಂಡೆ ಕೊಬ್ಬರಿ. ತಿಪಟೂರು ಮಾರುಕಟ್ಟೆಯಿಂದ ಅದು ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿ ಹಬ್ಬ, ಮದುವೆಗೆಲ್ಲ ಅದು ಬೇಕು. ಅಂದರೆ ಇವತ್ತು ಅಟ್ಟಕ್ಕೆ ಹಾಕಿದ ಕಾಯಿಗೆ ಬೆಲೆ ಎಷ್ಟು ಅಂತ ಮುಂದಿನ ವರ್ಷವೇ ಗೊತ್ತಾಗೋದು. ಅದನ್ನ ತೀರ್ಮಾನ ಮಾಡುವವರ ಮುಖವನ್ನ ಅಪ್ಪ ಯಾವತ್ತೂ ನೋಡಿಲ್ಲ.

2023ರಲ್ಲಿ ನನ್ನ ಎರಡನೇ ವರ್ಷದ ಫೀಸು ಕಟ್ಟಬೇಕಿತ್ತು. ಆ ವರ್ಷ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಇಳಿದಿತ್ತು. ರೈತರು ರಸ್ತೆಗಿಳಿದು ಧರಣಿ ಕೂತಿದ್ದರು. ಫೀಸಿನ ಕೊನೆ ದಿನ ಅದಕ್ಕೆಲ್ಲ ಕಾಯೋದಿಲ್ಲ. ಅಪ್ಪ ಇದ್ದ ಕೊಬ್ಬರಿಯನ್ನೆಲ್ಲ ಸಿಕ್ಕ ಬೆಲೆಗೆ ಹಾಕಿ ಬಂದ. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ಪೇಪರಿನಲ್ಲಿ ದಿನಾ ಅದೇ ಸುದ್ದಿ. ಆದರೆ ಬರ, ರೋಗ ಅಂತ ತೋಟದಲ್ಲಿ ಇಳುವರಿಯೇ ಬಿದ್ದುಹೋಗಿತ್ತು. ಪಕ್ಕದ ತೋಟದವರಂತೂ ವರ್ಷ ಕಾಯೋರು ಯಾರು ಅಂತ ಎಳನೀರಿಗೇ ಕೊಟ್ಟುಬಿಟ್ಟಿದ್ದರು. ಲಾರಿ ಮರದ ಬುಡಕ್ಕೇ ಬರುತ್ತದೆ, ದುಡ್ಡು ಅಲ್ಲೇ ಎಣಿಸುತ್ತಾರೆ. ಅವರನ್ನ ತಪ್ಪು ಅನ್ನೋಕಾಗುತ್ತದಾ?

ನನ್ನ ಕ್ಲಾಸಿನಲ್ಲೂ ಹೀಗೇ ಕೈಗೆ ಸಿಕ್ಕಿದ್ದನ್ನ ಹಿಡಿದವರು ಇದ್ದಾರೆ. ಒಬ್ಬಳು ಫೋನಿನಲ್ಲಿ ಆನ್‌ಲೈನ್ ಕೋರ್ಸ್ ಮಾರುವ ಕೆಲಸಕ್ಕೆ ಸೇರಿದಳು, ಟಾರ್ಗೆಟ್ ಮುಟ್ಟದಿದ್ದರೆ ಶನಿವಾರವೂ ಹೋಗಬೇಕು. ಒಬ್ಬ ಎಂಟೆಕ್‌ಗೆ ಬರೆಯುವ ಗೇಟ್ ಪರೀಕ್ಷೆ ಅಂತ ಕೂತಿದ್ದಾನೆ. ಒಬ್ಬನಿಗೆ ಜರ್ಮನಿ. ಒಬ್ಬಳ ನಿಶ್ಚಿತಾರ್ಥ ಆಯಿತು, ಹುಡುಗ ಒಪ್ಪಿದರೆ ಕೆಲಸಕ್ಕೆ ಹೋಗ್ತೀನಿ ಅಂದಳು. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಮೊದಲೆಲ್ಲ ಯಾರಿಗಾದರೂ ಆಫರ್ ಬಂದರೆ ನೂರು ಪಟಾಕಿ ಇಮೋಜಿ ಬೀಳುತ್ತಿದ್ದವು. ಈಗ ಮೂರೋ ನಾಲ್ಕೋ. ಬಂದವರೂ ಮೆಲ್ಲಗೆ ಹೇಳುತ್ತಾರೆ, ತಪ್ಪು ಮಾಡಿದ ಹಾಗೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅದನ್ನ ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ನಮ್ಮಂಥ ಕಾಲೇಜಿಗೆ ಬಂದು ಒಂದೇ ಸಲಕ್ಕೆ ನೂರಾರು ಜನರನ್ನ ತೆಗೆದುಕೊಳ್ಳುವ ಕಂಪನಿಗಳು ಕೊಡೋದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. 2010ರ ಸುಮಾರಿಗೆ ತಮ್ಮ ಟೀಮಿಗೆ ಸೇರುತ್ತಿದ್ದ ಹುಡುಗರಿಗೂ ಮೂರು ಲಕ್ಷದ ಮೇಲೇ ಇತ್ತು ಅಂತಾರೆ ಮಾವ. ಪಿಎಫ್ ಎಲ್ಲ ಕಳೆದು ಕೈಗೆ ಇಪ್ಪತ್ತೈದು ಸಾವಿರ ಬಂದರೆ ಹೆಚ್ಚು. ಬೆಂಗಳೂರಿನಲ್ಲಿ ಇಬ್ಬರು ಹಂಚಿಕೊಳ್ಳುವ ಪಿಜಿ ರೂಮಿಗೆ ಒಂಬತ್ತೋ ಹತ್ತೋ ಸಾವಿರ. ಶಿಕ್ಷಣ ಸಾಲ ನಾಲ್ಕು ಲಕ್ಷ ಇದೆ, ಅದರ ಕಂತು ಏಳು ಸಾವಿರದ ಹತ್ತಿರ ಬರುತ್ತದೆ. ಬಸ್ಸು, ಫೋನು, ಊಟ. ಉಳಿಯೋದು ಹಬ್ಬಕ್ಕೆ ಅಮ್ಮನಿಗೊಂದು ಸೀರೆ ತರುವಷ್ಟು, ಅದೂ ನೋಡಿ ತಂದರೆ. ಈ ಕೆಲಸ ಸಿಗಲಿಲ್ಲ ಅಂತಲೇ ನಾನು ಪಿಜಿಯ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದು.

ಸಾಲದ ವಿಷಯದಲ್ಲಿ ಒಂದು ತಮಾಷೆ ಇದೆ. ಕೋರ್ಸು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ. ಬಡ್ಡಿ ಬೆಳೆಯುತ್ತಿರುತ್ತದೆ, ಅದು ಬೇರೆ ಮಾತು. ಆದರೂ ನನಗೆ ಒಂದು ವರ್ಷ ಸುಮ್ಮನೆ ಇರೋಕೆ ಬಿಟ್ಟಿರೋದು ಬ್ಯಾಂಕ್ ಮಾತ್ರ. ನೆಂಟರಾರೂ ಅಷ್ಟು ಉದಾರಿಗಳಲ್ಲ.

ಈ ಸೆಮ್ಮಿನಲ್ಲಿ ನಮಗೆ ಇಂಟರ್ನ್‌ಶಿಪ್. ಕೆಲವು ಕಡೆ ನಾವೇ ದುಡ್ಡು ಕಟ್ಟಬೇಕು, ಕೊನೆಗೆ ಸರ್ಟಿಫಿಕೇಟ್ ಕೊಡುತ್ತಾರೆ. ಅದಕ್ಕೂ ಜನ ಹೋಗುತ್ತಾರೆ, ಕಾಲೇಜಿಗೆ ಏನಾದರೂ ತೋರಿಸಬೇಕಲ್ಲ. ನನ್ನ ಪುಣ್ಯ, ಒಂದು ಸಣ್ಣ ಕಂಪನಿ ತಿಂಗಳಿಗೆ ಎಂಟು ಸಾವಿರ ಕೊಡುತ್ತದೆ. ಎರಡು ದಿನ ಆಫೀಸು, ಉಳಿದ ದಿನ ಮನೆಯಿಂದ. ಕೆಲಸ ಏನು ಗೊತ್ತಾ? ಎಐ ಬರೆದ ಕನ್ನಡ ಉತ್ತರಗಳನ್ನ ಓದಿ ಎಲ್ಲಿ ತಪ್ಪಿದೆ ಅಂತ ಗುರುತು ಹಾಕೋದು. ಒಂದು ಸಲ ಅದು ಯಾರಿಗೋ 'ತೆಂಗಿನಕಾಯಿಯನ್ನು ಎರಡು ದಿನ ಬಿಸಿಲಿಗಿಟ್ಟರೆ ಉಂಡೆ ಕೊಬ್ಬರಿ ಆಗುತ್ತದೆ' ಅಂತ ಹೇಳಿಬಿಟ್ಟಿತ್ತು. ನಾನು ಅರ್ಧ ಪುಟ ತಿದ್ದುಪಡಿ ಬರೆದೆ. ಟೀಮ್ ಲೀಡ್ ಓದಿ, 'ಇಷ್ಟೆಲ್ಲ ನಿಂಗೆ ಹೇಗೆ ಗೊತ್ತು?' ಅಂದರು. ನಾಲ್ಕು ವರ್ಷದಲ್ಲಿ ನನಗೆ ಏನಾದರೂ ಗೊತ್ತಿದೆ ಅಂತ ಯಾರಾದರೂ ಆಶ್ಚರ್ಯಪಟ್ಟಿದ್ದು ಅದೇ ಮೊದಲು. ಅದು ನನ್ನ ಸಿಲಬಸ್ಸಿನಲ್ಲಿ ಇಲ್ಲದ ವಿಷಯ ಅನ್ನೋದು ಬೇರೆ.

ಹನ್ನೊಂದನೇ ಡ್ರೈವ್ ಬೆಂಗಳೂರಿನಲ್ಲಿತ್ತು. ಹತ್ತಾರು ಕಾಲೇಜಿನವರನ್ನ ಒಟ್ಟಿಗೆ ಸೇರಿಸಿದ್ದರು. ಗೇಟಿನಿಂದ ರಸ್ತೆ ತನಕ ಸಾಲು, ಎಲ್ಲರ ಮೈಮೇಲೂ ಅದೇ ತಿಳಿನೀಲಿ ಶರ್ಟು, ಕೈಯಲ್ಲಿ ಅದೇ ಪ್ಲಾಸ್ಟಿಕ್ ಫೈಲು. ಎಚ್‌ಆರ್ ಮೇಡಂ ಕೇಳಿದರು, ಐದು ವರ್ಷದ ಮೇಲೆ ಎಲ್ಲಿರ್ತೀರ ಅಂತ. ಬಾಯಿಪಾಠದ ಉತ್ತರ ಇತ್ತು. ಹೇಳುತ್ತಾ ಹೇಳುತ್ತಾ, ಐದು ವರ್ಷದ ಹಿಂದೆ ನಾನು ಎಲ್ಲಿದ್ದೆ ಅನ್ನೋದು ಕಣ್ಣಿಗೆ ಬಂತು. ಪಿಯು ಆನ್‌ಲೈನ್ ಕ್ಲಾಸಿಗೆ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಅಟ್ಟದಲ್ಲಿ ಮಾತ್ರ. ಕಾಯಿಗಳ ಮಧ್ಯೆ ಒಂದು ಗೋಣಿಚೀಲ ಹಾಸಿಕೊಂಡು, ಹೆಂಚಿನ ಕಾವಿನಲ್ಲಿ ಬೆವರುತ್ತಾ, ಫೋನನ್ನ ಒಂದು ಕಾಯಿಗೆ ಒರಗಿಸಿಟ್ಟು ಕೆಮಿಸ್ಟ್ರಿ ಕೇಳುತ್ತಿದ್ದೆ. ಆ ನೆನಪಿಗೆ ನಗು ಬಂದುಬಿಟ್ಟಿತು. ಮೇಡಂ ಏನೋ ಬರೆದುಕೊಂಡರು. ಅದು ಒಳ್ಳೆಯದು ಇರಲಾರದು.

ಸಂಜೆ ಯಶವಂತಪುರದಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಮಾವ ಬಂದು ಹತ್ತಿರದ ದರ್ಶಿನಿಗೆ ಕರೆದುಕೊಂಡು ಹೋದರು. ಚೌಚೌ ಬಾತ್ ಹೇಳಿದರು. ನಾನು ಖಾರಾಬಾತ್ ಮುಗಿಸಿ ಕೇಸರಿಬಾತನ್ನು ಸುಮ್ಮನೆ ಚಮಚದಲ್ಲಿ ಕೆದಕುತ್ತಿದ್ದೆ. 'ಕೋರ್ಸ್ ಮಾಡ್ಕೋ' ಅಂತಾರೆ ಅಂತ ಕಾಯುತ್ತಿದ್ದೆ. ಅವರು ಅದನ್ನ ಹೇಳಲಿಲ್ಲ.

'2001ರಲ್ಲಿ ನಂದು ಹೋಗಿತ್ತು ಕಣೇ' ಅಂದರು.

'ಏನು ಹೋಗಿತ್ತು?'

'ಕೆಲಸ. ವೈಟುಕೆ ಮುಗೀತು, ಆಮೇಲೆ ಅಮೆರಿಕದಲ್ಲಿ ಡಾಟ್‌ಕಾಮ್ ಅಂತಿದ್ರಲ್ಲ, ಆ ಇಂಟರ್ನೆಟ್ ಕಂಪನಿಗಳೆಲ್ಲ ಬಿದ್ವು. ಪ್ರಾಜೆಕ್ಟ್ ಇಲ್ಲ, ಮನೆಗೆ ಹೋಗಿ ಅಂದ್ರು. ಹದಿನಾಲ್ಕು ತಿಂಗಳು.'

ನಾನು ಚಮಚ ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಮಾವನ ಕಥೆಯನ್ನ ಎಷ್ಟು ಸಲ ಹೇಳಿದ್ದಾರೋ. ಕೋಬಾಲ್, ಮೊದಲ ಸಂಬಳ, ಅಜ್ಜಿಗೆ ಮಿಕ್ಸಿ, ಆಮೇಲೆ ಅಮೆರಿಕ, ಆಮೇಲೆ ಸೈಟು. ಇದರ ಮಧ್ಯೆ ಹದಿನಾಲ್ಕು ತಿಂಗಳು ಎಲ್ಲಿತ್ತು?

'ಅಜ್ಜಿಗೆ ಗೊತ್ತಾ?'

'ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ರೂಮಿಂದ ಹೊರಡೋದು, ಕಬ್ಬನ್ ಪಾರ್ಕಲ್ಲಿ ಕೆಂಪು ಲೈಬ್ರರಿ ಇದೆಯಲ್ಲ, ಅಲ್ಲಿ ಕೂರೋದು. ಎಲ್ಲ ಪೇಪರೂ ಫ್ರೀ. ಸಾಯಂಕಾಲ ರಾಜಾಜಿನಗರದಲ್ಲಿ ಪಿಯು ಹುಡುಗ್ರಿಗೆ ಮ್ಯಾಥ್ಸ್ ಹೇಳಿಕೊಡ್ತಿದ್ದೆ. ಅದರಲ್ಲೇ ಊರಿಗೆ ದುಡ್ಡು ಕಳಿಸ್ತಿದ್ದೆ. ಸಂಬಳ ಅಂದ್ಕೊಂಡಿದ್ರು.' ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು, 'ರೆಸ್ಯೂಮಲ್ಲಿ ಆ ಹದಿನಾಲ್ಕು ತಿಂಗಳು ಬಿಟ್ಟುಬಿಟ್ಟೆ. ಆಮೇಲೆ ಹಾಗೇ ಮರೆತೂಬಿಟ್ಟೆ. ಮೊನ್ನೆ ನಿಮ್ಮಮ್ಮ ನೀನು ಸರಿಯಾಗಿ ಊಟ ಮಾಡ್ತಿಲ್ಲ ಅಂದಳಲ್ಲ, ಆಗ ನೆನಪಾಯ್ತು.'

ಇಷ್ಟು ವರ್ಷ ಅವರು ಹೇಳಿದ್ದಕ್ಕಿಂತ ಹೇಳದೇ ಬಿಟ್ಟಿದ್ದೇ ನನಗೆ ಬೇಕಿತ್ತು. ಅವರ ಮೇಲೆ ಕೋಪ ಬಂತು. ಬಂದಷ್ಟೇ ಬೇಗ ಹೋಯಿತು. ಮದುವೆ ಮನೆಯಲ್ಲಿ ನಾನು ಏನು ಹೇಳಿದ್ದೆ? 'ಎರಡು ಕಡೆ ಪ್ರಾಸೆಸ್‌ನಲ್ಲಿದೆ ಅತ್ತೆ.' ಎರಡರದ್ದೂ ರಿಜೆಕ್ಟ್ ಮೇಲ್ ಆಗಲೇ ಬಂದಿತ್ತು.

ಅಕ್ಕನಿಗೆ ಅವತ್ತೇ ರಾತ್ರಿ ರೈಲಿನಿಂದ ಮೆಸೇಜ್ ಹಾಕಿದೆ. 'ನಿಂಗೂ ಹೇಳದೇ ಇರೋದು ಏನಾದ್ರೂ ಇದೆಯಾ?' ನೀಲಿ ಗೆರೆ ಬಿತ್ತು. ಟೈಪಿಂಗ್ ಅಂತ ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ, 'ಫೋನ್ ಮಾಡ್ತೀನಿ, ಭಾನುವಾರ' ಅಂದಳು. ಮಾಡಿದಳು. ಒಂದು ಗಂಟೆ ಮಾತಾಡಿದೆವು. ಅದು ಅವಳ ವಿಷಯ, ಇಲ್ಲಿ ಬರೆಯೋದಿಲ್ಲ.

ಹೋದ ವಾರ ಊರಿಗೆ ಹೋದಾಗ ಅಪ್ಪ ಅಟ್ಟದಿಂದ ಕಾಯಿ ಇಳಿಸುತ್ತಿದ್ದ. ಮಾರನೇ ದಿನ ಸುಲಿಯುವವರು ಬರುವವರಿದ್ದರು. ನಾನೂ ಹತ್ತಿದೆ. ಹಳೇ ಜಾಗ, ಅದೇ ಕಾವು, ಅದೇ ಒಣ ಸಿಪ್ಪೆಯ ಘಾಟು. ನಾನು ಕೂರುತ್ತಿದ್ದ ಮೂಲೆಯಲ್ಲಿ ಪಿಯು ಕೆಮಿಸ್ಟ್ರಿ ನೋಟ್ಸಿನ ಒಂದು ಹಾಳೆ ಇತ್ತು, ಅರ್ಧ ಇಲಿ ತಿಂದಿತ್ತು.

ಅಪ್ಪ ಒಂದೊಂದೇ ಕಾಯಿ ಎತ್ತಿ ಕಿವಿ ಹತ್ತಿರ ಹಿಡಿದು ಕುಲುಕುತ್ತಾನೆ. ನೀರಿನ್ನೂ ಇದ್ದರೆ ಒಳಗೆ ಗುಳುಗುಳು ಅನ್ನುತ್ತದೆ. ನೀರು ಇಂಗಿ ಗಿಟುಕು ಬಿಟ್ಟಿದ್ದರೆ ಲೊಡಲೊಡ. ಕೆಲವು ಎರಡೂ ಅಲ್ಲ, ಕಲ್ಲಿನ ಹಾಗೆ ಸುಮ್ಮನಿರುತ್ತವೆ. ಲೊಡಲೊಡ ಅಂದಿದ್ದು ಕೆಳಗೆ, ಉಳಿದಿದ್ದು ವಾಪಸ್ ಮೂಲೆಗೆ. ಒಂದಕ್ಕೆ ಎರಡು ಸೆಕೆಂಡ್ ಸಾಕು. ನಾನೂ ಕುಲುಕಿದೆ. ಹತ್ತರಲ್ಲಿ ಮೂರು ತಪ್ಪಿದೆ. ಅಪ್ಪ ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಕೇಳಿ ಅತ್ತ ಹಾಕುತ್ತಿದ್ದ, ಏನೂ ಹೇಳುತ್ತಿರಲಿಲ್ಲ.

'ಒಂದೇ ದಿನ ಕೆಡವಿದ ಕಾಯಿ ಅಲ್ವಾ ಇವೆಲ್ಲ? ಯಾಕೆ ಕೆಲವು ಇನ್ನೂ ಒಣಗಿಲ್ಲ?' ಅಂದೆ.

'ಯಾಕೇಂತ ಯಾರಿಗ್ಗೊತ್ತು. ಎಲ್ಲ ಒಂದೇ ದಿನ ಒಣಗಿಬಿಟ್ರೆ ಎಲ್ಲಿ ಹಾಕನ?'

ಐದು ನಿಮಿಷ ಬಿಟ್ಟು ನಾನು ಅಂದೆ, 'ಅಪ್ಪ, ನಂದೂ ಹಂಗೇ ಏನೋ. ಕುಲುಕಿ ನೋಡ್ತಾರೆ, ವಾಪಸ್ ಮೂಲೆಗೆ ಹಾಕ್ತಾರೆ.'

ಅಪ್ಪ ತಲೆ ಎತ್ತಿ ನೋಡಿದ. 'ಕಾಯಿ ಜೊತೆ ಏನ್ ಹೋಲಿಸ್ಕಂತೀಯ. ಕಾಯಿ ಸುಮ್ನೆ ಬಿದ್ದಿರುತ್ತೆ, ನೀನು ಓಡಾಡ್ತಿದೀಯ. ಆ ಚೀಲದ ಬಾಯಿ ಸರಿಯಾಗಿ ಹಿಡ್ಕ.'

ಹಿಡಿದೆ. ಅಪ್ಪ ಮಂಕರಿಯಿಂದ ಸುರಿದ. ಧೂಳು ಎದ್ದು ಇಬ್ಬರಿಗೂ ಸೀನು ಬಂತು. ಕೆಳಗಿನಿಂದ ಅಮ್ಮ ಕಾಫಿಗೆ ಕೂಗಿದಳು.

'ಗುರುವಾರ ಇನ್ನೊಂದಿದೆ, ಹನ್ನೆರಡನೇದು' ಅಂದೆ. 'ಬೆಂಗಳೂರಲ್ಲೇ.'

'ಎಷ್ಟೊತ್ತಿಗೆ ರೈಲು?'

'ಐದೂ ಮುಕ್ಕಾಲು.'

'ನಾಕೂವರೆಗೆ ಎಬ್ಬಿಸ್ತೀನಿ' ಅಂದ ಅಪ್ಪ, ಇನ್ನೊಂದು ಕಾಯಿ ಕಿವಿಗೆ ಹಿಡಿದುಕೊಂಡು.